ತೊಂಬತ್ತೆಂಟು ಅಂಕದ ಆತಂಕ

ಫೇಲಾಗಿ ನಡುಗಿದವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ನೂರಕ್ಕೆ ತೊಂಬತ್ತೆಂಟು ಅಂಕ ತೆಗೆದು ನಡುಗಿದವನನ್ನು ಕಾಣಬೇಕಿದ್ದರೆ ಆ ಮಂಗಳವಾರ ಬೆಳಗ್ಗೆ ಎಂಟೂವರೆಗೆ ನಮ್ಮ ವಾಂಗ್‌ಶಿ ಪಟ್ಟಣದ ಪಶುವೈದ್ಯ ಕೇಂದ್ರದ ಗೋಡೆಯೆದುರು ನಿಲ್ಲಬೇಕಿತ್ತು.

ಗೋಡೆಯ ಮೇಲೆ, ಕಾಲುಬಾಯಿ ಜ್ವರದ ಲಸಿಕೆಯ ವೇಳಾಪಟ್ಟಿಗೂ ‘ಅಡಿಕೆ ಜಗಿದು ಉಗುಳಬೇಡಿ’ ಎಂಬ ಎಚ್ಚರಿಕೆಗೂ ನಡುವೆ ಹೊಸದೊಂದು ಕೆಂಪು ಕಾಗದ ಅಂಟಿತ್ತು. ಇಂಗ್ಲಿಷ್ ಪ್ರಿಪರೇಟರಿ ಪರೀಕ್ಷೆಯ ಫಲಿತಾಂಶ. ಮೊದಲನೆಯ ಹೆಸರು ಕ್ವಾಂಗ್ ದೆಲಿನ್, ತೊಂಬತ್ತೆಂಟು. ಎರಡನೆಯ ಹೆಸರಿಗೆ ನಲವತ್ತೊಂದು. ನಡುವೆ ಒಂದು ಎಮ್ಮೆ ಮಲಗುವಷ್ಟು ಅಂತರ.

ಕ್ವಾಂಗ್ ದೆಲಿನ್‌ಗೆ ನಲವತ್ತೆಂಟು ವರ್ಷ. ಇಪ್ಪತ್ನಾಲ್ಕು ವರ್ಷಗಳಿಂದ ಹಂದಿ, ಎಮ್ಮೆ, ಬಾತುಕೋಳಿಗಳ ನಾಡಿ ಹಿಡಿದ ಕೈ. ಆ ಕೈ ಈಗ ತನ್ನದೇ ಎದೆ ಹಿಡಿದುಕೊಂಡಿತು. ಅಂಕ ಬಂದರೆ ಆತಂಕ ಹೋಗಬೇಕು ಎನ್ನುವುದು ಲೋಕರೂಢಿ. ಇವನ ಪಾಲಿಗೆ ಅಂಕ ಮುಂದೆ, ಆತಂಕ ಅದರ ಬಾಲ ಹಿಡಿದು ಹಿಂದೆ.

“ಅಯ್ಯೋ ನನ್ನಪ್ಪಾ, ತೊಂಬತ್ತೆಂಟು!” ಔಷಧದ ಕಿಟಕಿಯಿಂದ ಪೆಂಗಕ್ಕನ ಕೂಗು ಬಂತು. ಮನೆತನದ ಹೆಸರು ಪೆಂಗ್ ಎಂದಿದ್ದರೂ ಆಕೆ ಪೆಂಗಿಯಲ್ಲ. ಊರಿನ ಯಾವ ಸುದ್ದಿಯೂ ಆಕೆಯ ಕಿಟಕಿಯಲ್ಲಿ ಸಹಿ ಹಾಕದೆ ಮುಂದೆ ಹೋಗುತ್ತಿರಲಿಲ್ಲ. ಸಲಿಗೆಯ ಹಿರಿಯರನ್ನು ನಮ್ಮಲ್ಲಿ ‘ಲಾವ್’ ಎಂದೇ ಕರೆಯುವುದು. “ಲಾವ್ ಕ್ವಾಂಗ್, ಮುಚ್ಚುಮರೆ ಮನುಷ್ಯ ಕಣಯ್ಯ ನೀನು! ಇಷ್ಟು ದಿನ ಹಂದಿ ಜೊತೆ ಹಂದಿ ಥರಾನೇ ಇದ್ದು, ಒಳಗೊಳಗೇ ಇಂಗ್ಲಿಷು ಕುಡಿದಿದೀಯ!”

“ಏನೋ... ಹಂಗೇ ಬಂತು ಅಕ್ಕಾ,” ಎಂದ ಕ್ವಾಂಗ್. ಅವನು ಆ ಬೆಳಗ್ಗೆ ಆಡಿದ ಪರಮಸತ್ಯ ಅದೊಂದೇ.

ಯಾಕೆಂದರೆ ಅದು ನಿಜಕ್ಕೂ ಹಂಗೇ ಬಂದಿತ್ತು. ಸೇತುವೆ ಕಟ್ಟುವವನಿರಲಿ, ಹಂದಿಗೆ ಸೂಜಿ ಚುಚ್ಚುವವನಿರಲಿ, ನೌಕರಿಯಲ್ಲಿ ಒಂದು ಮೆಟ್ಟಿಲು ಹತ್ತಬೇಕಾದರೆ ಇಂಗ್ಲಿಷ್ ಪರೀಕ್ಷೆ ದಾಟಲೇಬೇಕು ಎಂಬ ಕಾಲ ಅದು. ಹಂದಿಗೆ ಇಂಗ್ಲಿಷ್ ತಿಳಿಯುತ್ತದೆಯೇ ಎಂದು ಯಾರೂ ಕೇಳುವಂತಿರಲಿಲ್ಲ. ಕ್ವಾಂಗ್ ಆರು ವರ್ಷಗಳಿಂದ ಪ್ರತಿ ಹೊಸ ವರ್ಷಕ್ಕೂ ಪದಗಳ ಪುಸ್ತಕ ತೆರೆಯುತ್ತಿದ್ದ. ಅಕಾರಾದಿಯಾಗಿ ಜೋಡಿಸಿದ ಆ ಪುಸ್ತಕದ ಮೊಟ್ಟಮೊದಲ ಪದ ‘ಅಬ್ಯಾಂಡನ್’, ಕೈಬಿಡು ಎಂದರ್ಥ. ವಿಧೇಯ ವಿದ್ಯಾರ್ಥಿ, ಪುಸ್ತಕ ಹೇಳಿದ್ದನ್ನು ಕೂಡಲೇ ಪಾಲಿಸಿದ. ಆರು ವರ್ಷ, ಆರು ಸಲ.

ಈ ಸಲ ಪಾಲಿಸುವಂತಿರಲಿಲ್ಲ. ನಡು ದರ್ಜೆಗೆ ಏರದವರನ್ನೆಲ್ಲ ಬೆಟ್ಟದ ಕೇಂದ್ರಗಳಿಗೆ ಅಟ್ಟುವುದೆಂದು ಕೌಂಟಿ ಕಚೇರಿಯಿಂದ ಆದೇಶ ಬಂದಿತ್ತು. ವಸಂತದಲ್ಲಿ ನಡೆಯುವ ನಿಜ ಪರೀಕ್ಷೆಗೆ ಕೂರಬೇಕಾದರೂ ಈ ಪ್ರಿಪರೇಟರಿಯಲ್ಲಿ ಅರವತ್ತು ದಾಟಬೇಕು. ಬೆಟ್ಟ ಎಂದರೆ ಹುಲಿಬಾಲದ ದಿಣ್ಣೆ. ಕ್ವಾಂಗ್ ಅಲ್ಲಿ ಹನ್ನೊಂದು ವರ್ಷ ಕಳೆದು, ಯಾರ್ಯಾರ ಕಾಲೋ ಹಿಡಿದು ಕೆಳಗಿಳಿದು ಇನ್ನೂ ಮೂರು ವರ್ಷವಾಗಿತ್ತು. ಬಸ್ಸು ಬಿಟ್ಟ ಮೇಲೆ ಎರಡು ಗಂಟೆ ನಡಿಗೆ; ಕಾಲಿಗೆ ಜಿಗಣೆ, ತಲೆಗೆ ಮಂಜು, ಸೊಂಟಕ್ಕೆ ಟಗರಿನ ಗುದ್ದು. ಈಗಲೂ ಅವನಿಗೆ ಮಂಜಿನ ಕನಸು ಬಿದ್ದರೆ ಹೊದಿಕೆ ಒದ್ದೆಯಾಗುವಷ್ಟು ಬೆವರುತ್ತಿದ್ದ.

ಹಾಗಾಗಿ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯ ಆ ಉದ್ದುದ್ದ ಗದ್ಯಗಳನ್ನು ಕಂಡು ಕಣ್ಣು ಕತ್ತಲಾದಾಗ, ಶಾಲೆಯ ಬೆಂಚಿನಿಂದ ಬೆಂಚಿಗೆ ಬಾಯಿಂದ ಬಾಯಿಗೆ ಬಂದ ಆಪದ್ಬಾಂಧವ ಪದ್ಯವೇ ಅವನ ಕೈ ಹಿಡಿದಿತ್ತು. ಗದ್ಯ ಓದಲೇಬಾರದು, ಕೆಳಗಿನ ನಾಲ್ಕು ಉತ್ತರಗಳ ಉದ್ದ ಅಳೆದರೆ ಸಾಕು:

ಮೂರುದ್ದ ಒಂದು ಗಿಡ್ಡವೋ, ಗಿಡ್ಡನ್ನ ಹಿಡಿ;
ಮೂರ್ ಗಿಡ್ಡ ಒಂದುದ್ದವೋ, ಉದ್ದಕ್ಕೇ ನಡಿ;
ಎಲ್ಲಾನೂ ಸರಿಸಮವೋ, ಸಿ ಅಂತ ಬರಿ;
ಎರಡೆರಡು ಬಂದಾವೋ, ಬಿ ಅಂದ್ರೆ ಸರಿ.

ಎಮ್ಮೆಯ ವಯಸ್ಸನ್ನು ಹಲ್ಲಿನ ಉದ್ದದಲ್ಲಿ ಅಳೆಯುವವನಿಗೆ ಇದೇನು ಮಹಾ? ಐವತ್ತು ಪ್ರಶ್ನೆ, ಇಪ್ಪತ್ತು ನಿಮಿಷ. ಅರವತ್ತು ಬಂದರೆ ಬುದ್ಧನ ಕೃಪೆ ಎಂದುಕೊಂಡಿದ್ದ. ಬುದ್ಧನಿಗೆ ಅಳತೆ ತಪ್ಪಿತು, ತೊಂಬತ್ತೆಂಟು ಸುರಿದುಬಿಟ್ಟ.

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥ ಥಾನ್ ಸಾಹೇಬರು ಟೀ ತುಂಬಿದ ಗಾಜಿನ ಬಾಟಲಿ ಹಿಡಿದು ಹೊರಗೆ ಬಂದರು. ಅವರ ಮಾತೆಲ್ಲ ಧ್ವನಿವರ್ಧಕ ಇಲ್ಲದ ಧ್ವನಿವರ್ಧಕದ ಭಾಷಣ.

“ಲಾವ್ ಕ್ವಾಂಗ್! ನಮ್ಮ ಕೇಂದ್ರದ ಮುಖ ಬೆಳಗಿಸಿಬಿಟ್ಟೆ! ಈಗಷ್ಟೇ ಕೌಂಟಿ ಕಚೇರಿಯಿಂದ ಫೋನು. ಸಿಬ್ಬಂದಿ ವಿಭಾಗದ ಶ್ಯಾಂಗ್ ಮೇಡಂ ಖುದ್ದಾಗಿ ಬರ್ತಾ ಇದಾರೆ. ಮಧ್ಯಾಹ್ನ ಮೂರು ಗಂಟೆಗೆ, ಮೀಟಿಂಗ್ ಹಾಲಲ್ಲಿ, ಎಲ್ಲಾರ ಎದುರಿಗೆ ನೀನು ಆ ಪಾಠ ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಒಂದೊಂದು ಉತ್ತರ ಯಾಕೆ ಸರಿ ಅಂತ ವಿವರಿಸ್ಬೇಕು!”

“ಸಾಹೇಬ್ರೇ... ಗಟ್ಟಿಯಾಗಿನಾ?”

“ಹಿಂದಿನ ಸಾಲಿಗೂ ಕೇಳೋ ಹಂಗೆ!”

ಕ್ವಾಂಗ್‌ನ ಕಿವಿಯಲ್ಲಿ ಟಗರೊಂದು ಗುಟುರು ಹಾಕಿತು.

ಅವನು ಮೆಲ್ಲಗೆ ತನ್ನ ಮೇಜಿಗೆ ಜಾರಿಕೊಂಡ. ಅಲ್ಲಿ ಇನ್ನೊಂದು ಗಂಡಾಂತರ ಮೂಗೊರೆಸಿಕೊಳ್ಳುತ್ತ ಕೂತಿತ್ತು. ಯಿನ್ ಲೂ, ಹಿಂದಿನ ವರ್ಷವಷ್ಟೇ ಪ್ರಾಂತದ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಹುಡುಗಿ. ಇಂಗ್ಲಿಷ್ ಪುಸ್ತಕವನ್ನು ಬಸ್ಸಿನಲ್ಲಿ ನಿಂತುಕೊಂಡೇ ಓದುವವಳು. ಅವಳಿಗೆ ಬಂದದ್ದು ಇಪ್ಪತ್ತಾರು.

“ಗುರುಗಳೇ,” ಎಂದಳು, ಪ್ರಶ್ನೆಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು. ನಿನ್ನೆವರೆಗೆ ಅವಳು ಅವನನ್ನು ಲಾವ್ ಕ್ವಾಂಗ್ ಎನ್ನುತ್ತಿದ್ದಳು. “ನನಗೆ ನನ್ನ ಮೇಲೇ ನಂಬಿಕೆ ಹೊರಟೋಯ್ತು. ಈ ಮೊದಲನೇ ಪಾಠ... ಇದು ಯಾವುದರ ಬಗ್ಗೆ, ನೀವೇ ಹೇಳಿ.”

ಕ್ವಾಂಗ್ ಕಾಗದವನ್ನು ನೋಡಿದ. ಇರುವೆಗಳ ಮೆರವಣಿಗೆ. ಗಂಟಲು ಸರಿಮಾಡಿಕೊಂಡು, ಯಾವ ಪಾಠಕ್ಕೂ ಹೊಂದುವಂಥ ಉತ್ತರ ಕೊಟ್ಟ: “ಜೀವನದ ಬಗ್ಗೆ.”

“ಜೀವನದ ಬಗ್ಗೇನಾ?” ಅವಳ ಕಣ್ಣಲ್ಲಿ ಮತ್ತೆ ನೀರು. “ನಾನು ತಿಮಿಂಗಿಲದ ಬಗ್ಗೆ ಅಂದ್ಕೊಂಡಿದ್ದೆ!”

“ಮೇಲೆ ತಿಮಿಂಗಿಲ,” ಎಂದ ಕ್ವಾಂಗ್, ಬೆವರು ಒರೆಸಿಕೊಳ್ಳುತ್ತ, “ಒಳಗಡೆ ಜೀವನ.”

ಯಿನ್ ಲೂ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. “ಹಂಗಾದ್ರೆ ಒಂಬತ್ತನೇ ಪ್ರಶ್ನೆ? ‘ಮರಿ ಯಾಕೆ ನೀರಿನ ಮೇಲಕ್ಕೆ ಬರುತ್ತೆ’ ಅಂತ. ‘ಉಸಿರಾಡೋಕೆ’ ಅಂತ ನಾನು ಬರೆದೆ, ತಪ್ಪಂತೆ. ‘ಬೇಡ’ ಅನ್ನೋದು ಸರಿ ಉತ್ತರ ಅಂತೆ. ‘ಯಾಕೆ ಬರುತ್ತೆ’ ಅಂದ್ರೆ ‘ಬೇಡ’! ಇದರಲ್ಲಿ ಏನು ತತ್ವ ಇದೆ, ಗುರುಗಳೇ?”

ಅದರಲ್ಲಿದ್ದ ತತ್ವ ಒಂದೇ: ನಾಲ್ಕರಲ್ಲಿ ಅದೇ ಗಿಡ್ಡ. ಆದರೆ ಹೇಳುವಂತಿಲ್ಲ. “ಮೂರು ಗಂಟೆಗೆ ಎಲ್ಲಾ ತಿಳಿಯುತ್ತೆ ಮಗಳೇ,” ಎಂದು ಅವನು ತಪ್ಪಿಸಿಕೊಂಡ. ಅವಳು ಕಣ್ಣೊರೆಸಿಕೊಂಡು, “ನಾನು ಮೊದಲನೇ ಸಾಲಲ್ಲೇ ಕೂರ್ತೀನಿ. ನಿಘಂಟು ತರ್ತೀನಿ,” ಎಂದಳು. ಕ್ವಾಂಗ್‌ಗೆ ಅದು ಕತ್ತಿ ತರುತ್ತೇನೆ ಎಂದಂತೆ ಕೇಳಿಸಿತು.

ಹತ್ತು ಗಂಟೆಗೆ ದೇವರೇ ದಾರಿ ತೋರಿದಂತೆ ಫೋನು ಬಂತು. ಮೇಲಿನ ಹಳ್ಳಿಯ ಮುದುಕ ತ್ಸೆಂಗ್‌ನ ಹೆಣ್ಣುಹಂದಿ ಮೇವು ಮುಟ್ಟುತ್ತಿಲ್ಲವಂತೆ. ಕ್ವಾಂಗ್ ಮೋಟಾರ್ ಸೈಕಲ್ ಹತ್ತಿ ಓಡಿದ. ದಾರಿಯುದ್ದಕ್ಕೂ ಪ್ರಾರ್ಥನೆ. ಇಪ್ಪತ್ನಾಲ್ಕು ವರ್ಷದ ವೃತ್ತಿಯಲ್ಲಿ ಹಂದಿಗೆ ಕಾಯಿಲೆ ಜೋರಾಗಿರಲಿ ಎಂದು ಅವನು ಬೇಡಿಕೊಂಡದ್ದು ಅದೇ ಮೊದಲು. ಎರಡು ದಿನ ಅಲ್ಲೇ ಕೂತು ಆರೈಕೆ ಮಾಡಬೇಕಾದಂಥದ್ದು, ಆದರೆ ಕೊನೆಗೆ ಬದುಕುವಂಥದ್ದು ಇರಲಿ ತಾಯೇ!

ಹೋಗಿ ನೋಡಿದರೆ ಹಂದಿ ತೊಟ್ಟಿಯಲ್ಲಿ ಮುಖ ಮುಳುಗಿಸಿ ಚಪ್ಪರಿಸುತ್ತಿತ್ತು. ಪಕ್ಕದಲ್ಲಿ ತ್ಸೆಂಗ್, ಅವನ ಸುತ್ತ ಹಳ್ಳಿಯ ಹತ್ತು ಹನ್ನೆರಡು ಮಂದಿ ಸೂರ್ಯಕಾಂತಿ ಬೀಜ ಬಿಡಿಸುತ್ತ ನಿಂತಿದ್ದರು. ನಾಟಕ ನೋಡಲು ಬಂದವರ ಠೀವಿ.

“ಡಾಕ್ಟ್ರೇ, ಹಂದಿ ಈಗ ಪರವಾಗಿಲ್ಲ,” ಎಂದ ತ್ಸೆಂಗ್. “ಪೆಂಗಕ್ಕ ಫೋನಲ್ಲಿ ಹೇಳಿದ್ಲು, ತೊಂಬತ್ತೆಂಟಂತೆ! ನಮ್ಮ ಹುಡುಗ ಸಮುದ್ರದ ಕಡೆ ಊರಿಂದ ಈ ಬಾಟ್ಲಿ ತಂದಿದಾನೆ. ಪೂರ್ತಿ ಇಂಗ್ಲಿಷು. ಹಂದಿಗೆ ಕುಡಿಸ್ಬಹುದಾ, ಎಷ್ಟು ಮುಚ್ಚಳ, ಓದಿ ಹೇಳ್ಬಿಡಿ.”

ಹಸಿರು ಬಾಟಲಿ. ಅದರ ಮೇಲೂ ಇರುವೆಗಳ ಮೆರವಣಿಗೆ. ಕ್ವಾಂಗ್ ಅದನ್ನು ತಿರುಗಿಸಿದ, ಬೆಳಕಿಗೆ ಹಿಡಿದ, ಮೂಸಿದ. ತುಟಿ ಕುಣಿಸಿದ. ಹೌದೆಂದರೆ ಹಂದಿಯ ಪ್ರಾಣ. ಗೊತ್ತಿಲ್ಲವೆಂದರೆ ತನ್ನ ಮಾನ. ಅವನು ಅಂಜುಬುರುಕ, ಆದರೆ ವೈದ್ಯ. ತನ್ನ ಮಾನ ಹೋದರೂ ಮೂಕಪ್ರಾಣಿಗೆ ಗುರುತಿಲ್ಲದ್ದನ್ನು ಕುಡಿಸಲಾರ.

“ಇದು ಹಂದಿಗಲ್ಲ,” ಎಂದ ಬಾಟಲಿ ವಾಪಸು ಕೊಡುತ್ತ. “ಒಂದು ತೊಟ್ಟೂ ಬೇಡ.”

ತ್ಸೆಂಗ್ ತೊಡೆ ತಟ್ಟಿ ನಕ್ಕ. “ನೋಡಿದ್ರೇನ್ರೋ! ಹೇಳ್ಲಿಲ್ವಾ ನಾನು! ಇದು ನನ್ನ ಸೊಸೆ ತಲೆಗೆ ಹಾಕ್ಕೊಳ್ಳೋ ಸಾಬೂನಿನ ನೀರು ಡಾಕ್ಟ್ರೇ! ಪರೀಕ್ಷೆ ಮಾಡೋಣ ಅಂತ ಪಂದ್ಯ ಕಟ್ಟಿದ್ವಿ. ಕಣ್ಣಲ್ಲಿ ಒಂದು ಸಲ ಹಂಗೆ ಸವರಿ ಹೇಳಿಬಿಟ್ರಲ್ಲ, ಒಂದಕ್ಷರ ಕೂಡ ಗಟ್ಟಿಯಾಗಿ ಓದ್ಲಿಲ್ಲ!”

ಹಳ್ಳಿಯವರು ಚಪ್ಪಾಳೆ ತಟ್ಟಿದರು. ಒಬ್ಬ ಮುದುಕಿಯಂತೂ ತನ್ನ ಮೊಮ್ಮಗಳ ತಲೆಯನ್ನು ಕ್ವಾಂಗ್‌ನ ಕೈಗೆ ತಾಗಿಸಿ ಕಳಿಸಿದಳು. ಕ್ವಾಂಗ್ ವಾಪಸು ಹೊರಟಾಗ ಮೋಟಾರ್ ಸೈಕಲ್ಲಿಗಿಂತ ಅವನೇ ಹೆಚ್ಚು ಅದುರುತ್ತಿದ್ದ. ತಪ್ಪಿಸಿಕೊಳ್ಳಲು ತೋಡಿದ ಒಂದೊಂದು ಕಿಂಡಿಯೂ ಕೀರ್ತಿಸ್ತಂಭವಾಗಿ ಮೇಲೇಳುತ್ತಿತ್ತು.

ಊಟಕ್ಕೆ ಮನೆಗೆ ಬಂದ. ಹೆಂಡತಿ ಚುನ್‌ಯಾನ್ ಕೆಂಪು ಮೆಣಸಿನಕಾಯಿ ಹಾಕಿ ಮೀನಿನ ತಲೆ ಬೇಯಿಸಿದ್ದಳು. ಹಬ್ಬಕ್ಕೆ ಮಾತ್ರ ಮಾಡುವಂಥದ್ದು. ಒಗೆದ ಬಿಳಿ ಅಂಗಿ ಇಸ್ತ್ರಿಯಾಗಿ ಕುರ್ಚಿಗೆ ನೇತಾಡುತ್ತಿತ್ತು.

“ಬೀದಿಗೆಲ್ಲ ಹೇಳಾಯ್ತು,” ಎಂದಳು. “ಎದುರುಮನೆ ಅತ್ತೆ ಕೇಳಿ ಮುಖ ಹುಳ್ಳಗೆ ಮಾಡ್ಕೊಂಡ್ರು. ಅವರ ಅಳಿಯನಿಗೆ ಮೂವತ್ಮೂರಂತೆ!”

“ಚುನ್‌ಯಾನ್,” ಎಂದ ಕ್ವಾಂಗ್ ಊಟದ ಕಡ್ಡಿಗಳನ್ನು ಕೆಳಗಿಟ್ಟು, “ನನಗೆ ಹುಷಾರಿಲ್ಲ. ಜ್ವರ ಇರ್ಬಹುದು. ಮಧ್ಯಾಹ್ನ ಹೋಗ್ಬೇಕಾ ಅಂತ...”

ಅವಳು ಅವನ ಹಣೆ ಮುಟ್ಟಿದಳು. ಅದು ಮೀನಂಗಡಿಯ ಕಲ್ಲಿನಂತೆ ತಣ್ಣಗಿತ್ತು. “ಹೆದ್ರಿಕೆ ಕಣೋ ಇದು. ಎಷ್ಟೋ ಜನ್ಮದ ಮೇಲೆ ಒಂದು ಒಳ್ಳೇದಾಗಿದೆ, ಅದಕ್ಕೂ ಹೆದರ್ತೀಯ. ಕೇಳಿಲ್ಲಿ. ಹನ್ನೊಂದು ವರ್ಷ ನೀನು ಆ ದಿಣ್ಣೆ ಮೇಲೆ, ನಾನು ಕೆಳಗೆ. ನೀನು ಇಳಿದು ಬಂದಾಗ ನಮ್ಮ ಮಗಳು ‘ಅಮ್ಮಾ, ಯಾರೋ ಡಾಕ್ಟ್ರು ಬಂದಿದಾರೆ’ ಅಂದ್ಲು. ಮರೆತ್ಯಾ? ಇನ್ನೊಂದು ಸಲ ನೀನು ಮೇಲಕ್ಕೆ ಹೋದ್ರೆ ನಾನು ಕಾಯಲ್ಲ. ಅಲ್ಲೇ ಒಂದು ಟಗರು ನೋಡಿ ಸಂಸಾರ ಮಾಡ್ಕೋ.”

ನಗುತ್ತಲೇ ಹೇಳಿದಳು. ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ, ಅರ್ಧದಾರಿಯಲ್ಲಿ ನಿಂತಿತು. ಕ್ವಾಂಗ್ ಬಾಯಿಗೆ ಬಂದ ತಪ್ಪೊಪ್ಪಿಗೆಯನ್ನು ಮೀನಿನ ಮುಳ್ಳಿನ ಸಮೇತ ನುಂಗಿದ. ಮುಳ್ಳು ಗಂಟಲಲ್ಲಿ ಚುಚ್ಚಿತು. ಅದರ ಜೊತೆಗೇ ಒಂದು ಉಪಾಯವೂ ಹೊಳೆಯಿತು. ಗಂಟಲು! ದನಿಯೇ ಇಲ್ಲದವನು ಗಟ್ಟಿಯಾಗಿ ಓದುವುದಾದರೂ ಹೇಗೆ?

ಎರಡೂವರೆಗೆ ಅವನು ಬಿಳಿ ಅಂಗಿ ತೊಟ್ಟು, ಕುತ್ತಿಗೆಗೆ ಟವೆಲು ಸುತ್ತಿ, ಕೇಂದ್ರದ ಬಾಗಿಲಲ್ಲಿ ನಿಂತು ಪೆಂಗಕ್ಕನಿಗೆ ಕೈಸನ್ನೆ ಮಾಡಿದ: ದನಿ ಹೋಗಿದೆ.

“ದನಿ ಹೋಯ್ತಾ? ಅಯ್ಯೋ, ಶ್ಯಾಂಗ್ ಮೇಡಂ ಬರೋ ಹೊತ್ತಿಗೆ!” ಪೆಂಗಕ್ಕ ಅವನ ದವಡೆ ಹಿಡಿದು, ಕರುವಿನ ಬಾಯಿ ತೆರೆಯುವ ಅಭ್ಯಾಸದಲ್ಲಿ ತೆರೆದು ಒಳಗೆ ಇಣುಕಿದಳು. “ಕೆಂಪಗಿದೆ. ಆದ್ರೆ ಯೋಚ್ನೆ ಮಾಡ್ಬೇಡ. ಇಂಗ್ಲಿಷು ಯಿನ್ ಲೂ ಗಟ್ಟಿಯಾಗಿ ಓದ್ತಾಳೆ, ಅರ್ಥಾನೂ ಹೇಳ್ತಾಳೆ. ನೀನು ಬರೀ ಕೋಲು ಹಿಡ್ಕೊಂಡು ನಿಂತು, ಅವಳು ತಪ್ಪು ಮಾಡಿದ ಕಡೆ ಬೋರ್ಡಿಗೆ ಒಂದು ತಟ್ಟು. ಸಾಕು.”

“ಬೇಡ, ಬೇಡ!” ಎಂದು ಕ್ವಾಂಗ್ ಇಡೀ ಕೇಂದ್ರಕ್ಕೆ ಕೇಳುವಂತೆ ಚೀರಿದ.

“ನೋಡು, ಮುಟ್ಟಿದ ಕೂಡ್ಲೇ ವಾಸಿಯಾಯ್ತು,” ಎಂದು ಪೆಂಗಕ್ಕ ಕೈ ಒರೆಸಿಕೊಂಡಳು.

ಮೀಟಿಂಗ್ ಹಾಲ್ ತುಂಬಿತ್ತು. ಪಟ್ಟಣದವರಲ್ಲದೆ ಸುತ್ತಲ ಕೇಂದ್ರಗಳವರೂ ಬಂದಿದ್ದರು. ಹುಲಿಬಾಲದ ದಿಣ್ಣೆಯಿಂದ ಬಂದ ಆರು ಮಂದಿ ಕೆಸರಿನ ಬೂಟುಗಳಲ್ಲಿ ಹಿಂದಿನ ಗೋಡೆಗೆ ಒರಗಿದ್ದರು. ಎಲ್ಲರ ಎದುರೂ ಮುಚ್ಚಳವಿದ್ದ ಟೀ ಲೋಟ, ತೆರೆದ ನೋಟುಪುಸ್ತಕ. ಮೊದಲ ಸಾಲಿನಲ್ಲಿ ಯಿನ್ ಲೂ, ತೊಡೆಯ ಮೇಲೆ ಇಟ್ಟಿಗೆ ಗಾತ್ರದ ನಿಘಂಟು. ವೇದಿಕೆಯ ಮೇಲೆ ಕರಿಹಲಗೆ, ಒಂದು ಕೋಲು. ಕ್ವಾಂಗ್‌ನ ಕಣ್ಣಿಗೆ ಅದು ಗಲ್ಲುಗಂಬದಂತೆಯೇ ಕಂಡಿತು.

ಮೂರಕ್ಕೆ ಸರಿಯಾಗಿ ಕಪ್ಪು ಕಾರು ಬಂತು. ಶ್ಯಾಂಗ್ ಮೇಡಂ ಇಳಿದರು. ಐವತ್ತರ ಆಸುಪಾಸು, ಗಟ್ಟಿ ಸುರುಳಿ ಕೂದಲು, ಬಿಗಿ ಕೋಟು. ವಿಚಿತ್ರವೆಂದರೆ ಅವರು ಯಾರ ಕೈಕುಲುಕಲೂ ನಿಲ್ಲಲಿಲ್ಲ. ಕಣ್ಣು ನೇರ ಕ್ವಾಂಗ್‌ನನ್ನು ಹುಡುಕಿ, ಕಂಡು, ಅಲ್ಲೇ ಅಂಟಿಕೊಂಡವು. ಮುಖ ಬೆವೆತಿತ್ತು. ಕ್ವಾಂಗ್ ಯೋಚಿಸಿದ: ಮುಗಿಯಿತು. ಇವರಿಗೆ ಎಲ್ಲ ಗೊತ್ತಾಗಿದೆ. ಇಷ್ಟು ಕೋಪ ಇಲ್ಲದಿದ್ದರೆ ಹೆಂಗಸರು ಹೀಗೆ ಬೆವರುವುದಿಲ್ಲ.

“ಥಾನ್, ಪಾಠಕ್ಕೆ ಮುಂಚೆ,” ಎಂದರು ಮೇಡಂ, “ಕಾಮ್ರೇಡ್ ಕ್ವಾಂಗ್ ಜೊತೆ ನಾನು ಐದು ನಿಮಿಷ ಒಬ್ಬಳೇ ಮಾತಾಡ್ಬೇಕು. ಯಾರೂ ಬರೋ ಹಾಗಿಲ್ಲ.”

“ಲಸಿಕೆ ಕೋಣೆ ಖಾಲಿ ಇದೆ ಮೇಡಂ!” ಎಂದರು ಥಾನ್ ಸಾಹೇಬರು.

ಲಸಿಕೆ ಇಡುವ ತಣ್ಣನೆಯ ಕೋಣೆಯಲ್ಲಿ ಫ್ರಿಜ್ಜುಗಳು ಗುಂಯ್‌ಗುಡುತ್ತಿದ್ದವು. ಮೇಡಂ ಬಾಗಿಲು ಹಾಕಿ ಚಿಲಕ ಹಾಕಿದರು. ಕ್ವಾಂಗ್‌ನ ಹಲ್ಲು ಕಟಕಟ ಎನ್ನತೊಡಗಿದವು. ಚಳಿಗೋ ಭಯಕ್ಕೋ ಹಲ್ಲುಗಳಿಗೇ ಗೊತ್ತಿರಲಿಲ್ಲ.

“ಇದುವರೆಗೆ ಯಾರಿಗೆ ಹೇಳಿದೀರಿ?” ಮೇಡಂ ಪಿಸುಗುಟ್ಟಿದರು.

“ಯಾರಿಗೂ ಇಲ್ಲ ಮೇಡಂ. ಹೆಂಡ್ತಿಗೂ ಹೇಳಿಲ್ಲ.”

“ಒಳ್ಳೇದು.” ಅವರು ಒಂದು ಉಸಿರು ಬಿಟ್ಟರು. “ಎಷ್ಟು ದಿನದಿಂದ ಗೊತ್ತು ನಿಮಗೆ?”

“ಶಾಲೆಯಿಂದ ಮೇಡಂ.”

“ಶಾಲೆಯಿಂದಲೇ!” ಅವರು ಫ್ರಿಜ್ಜಿಗೆ ಕೈ ಆನಿಸಿಕೊಂಡರು. “ಅಂದ್ರೆ ನೀವು ಬೇಕೂಂತಲೇ ಮಾಡಿದ್ರಿ.”

“ಬೇರೆ ದಾರಿ ಇರ್ಲಿಲ್ಲ ಮೇಡಂ. ದಿಣ್ಣೆಗೆ ಕಳಿಸ್ತಾರೆ ಅಂತ...”

“ಅದಕ್ಕೇ ನನ್ನನ್ನ ಹಿಡ್ಕೊಂಡ್ರಿ. ಸರಿ. ಬುದ್ಧಿವಂತರು. ಒಂದೇ ಒಂದು ಅರ್ಥ ಆಗ್ತಿಲ್ಲ. ನಲವತ್ತೊಂಬತ್ತು ಉತ್ತರ ಅಕ್ಷರಕ್ಕಕ್ಷರ ತಾಳೆಯಾಗೋ ಹಂಗೆ ಬರೆದೋರು, ಇಪ್ಪತ್ತೊಂದನೇದಕ್ಕೆ ಮಾತ್ರ ಬಿ ಯಾಕೆ ಹಾಕಿದ್ರಿ? ನನ್ನ ಅಣಕಿಸೋಕಾ?”

ಕ್ವಾಂಗ್‌ಗೆ ಮಾತಿನ ಅರ್ಧ ತಿಳಿಯಲಿಲ್ಲ. ಆದರೆ ಬಚ್ಚಿಟ್ಟು ಬಚ್ಚಿಟ್ಟು ಅವನಿಗೂ ಸಾಕಾಗಿತ್ತು. ಕಣ್ಣು ಮುಚ್ಚಿ ಗೊಳೋ ಎಂದ: “ತಪ್ಪಾಯ್ತು ಮೇಡಂ! ನನಗೆ ಇಂಗ್ಲಿಷ್ ಬರಲ್ಲ! ಒಂದಕ್ಷರಾನೂ ಓದಿಲ್ಲ! ಉದ್ದ ಗಿಡ್ಡ ನೋಡ್ಕೊಂಡು ಬರೆದೆ. ಇಪ್ಪತ್ತೊಂದನೇದು ಎರಡುದ್ದ ಎರಡು ಗಿಡ್ಡ ಇತ್ತು, ಅದಕ್ಕೇ ಬಿ...”

“ಬಿ ಅಲ್ಲ ರೀ, ಡಿ!” ಎಂದು ಮೇಡಂ ಸಿಡುಕಿದರು. “ಎರಡೆರಡು ಬಂದಾವೋ, ಡಿ ಅಂದ್ರೆ ಸರಿ!”

“ನಮ್ಮ ಶಾಲೇಲಿ ಬಿ ಮೇಡಂ...”

“ನಮ್ಮ ಶಾಲೇಲಿ ಡಿ!”

ಫ್ರಿಜ್ಜುಗಳು ಗುಂಯ್‌ಗುಟ್ಟಿದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೇಡಂ ತಾವಾಡಿದ್ದನ್ನು ತಾವೇ ಕೇಳಿಸಿಕೊಂಡು, ಮೆಲ್ಲಗೆ ಲಸಿಕೆಯ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

“ಹಾಗಾದ್ರೆ ನಿಮಗೆ ಏನೂ ಗೊತ್ತಿರ್ಲಿಲ್ಲ,” ಎಂದರು.

“ಏನೇನೂ ಇಲ್ಲ ಮೇಡಂ.”

ಆಮೇಲೆ ಬಂತು ಕತೆ. ತಮ್ಮ ಕಚೇರಿಯ ನಿರ್ದೇಶಕರ ಎದುರು ಮೇಡಂ ಒಮ್ಮೆ ‘ಇಂಗ್ಲಿಷ್ ನನಗೆ ನೀರು ಕುಡಿದಷ್ಟು ಸುಲಭ’ ಎಂದಿದ್ದರು. ಕೇಳಿದವರು ಸುಮ್ಮನಿರುತ್ತಾರೆಯೇ? ಪ್ರಿಪರೇಟರಿ ಪತ್ರಿಕೆ ನೀವೇ ತೆಗೆಯಿರಿ ಎಂದರು. ಮೇಡಂ ಹಳೆಯ ಅಭ್ಯಾಸಪುಸ್ತಕವೊಂದರಿಂದ ಪಾಠಗಳನ್ನು ಅಚ್ಚು ಹಾಕಿಸಿದರು. ಪರೀಕ್ಷೆ ಮುಗಿದು ತಿದ್ದಲು ಕೂತಾಗ ನೋಡುತ್ತಾರೆ, ಪುಸ್ತಕದ ಕೊನೆಯಲ್ಲಿದ್ದ ಉತ್ತರಗಳ ಹಾಳೆಗಳನ್ನು ಯಾವ ಮಹಾನುಭಾವನೋ ಹರಿದುಕೊಂಡು ಹೋಗಿದ್ದಾನೆ. ಬೇರೆಯವರನ್ನು ಕೇಳಿದರೆ ಮಾನ ಹೋಗುತ್ತದೆ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು, ಶಾಲೆಯ ಬೆಂಚಿನ ಅದೇ ಪದ್ಯ ಗುನುಗುತ್ತ, ಐವತ್ತಕ್ಕೂ ಸರಿ ಉತ್ತರ ತಾವೇ ನಿರ್ಧರಿಸಿದ್ದರು.

“ಇಡೀ ಕೌಂಟೀಲಿ ಎಲ್ಲಾರಿಗೂ ಇಪ್ಪತ್ತು, ಮೂವತ್ತು, ನಲವತ್ತು ಬಂತು. ಸರಿ, ಯಾರಿಗೂ ಅನುಮಾನ ಇಲ್ಲ, ಎಲ್ಲಾ ದಡ್ಡರು ಅಂತ ವರದಿ ಬರೆದೆ,” ಎಂದರು ಮೇಡಂ. “ಅಷ್ಟರಲ್ಲಿ ನಿಮ್ಮ ತೊಂಬತ್ತೆಂಟು! ನನ್ನ ತಪ್ಪು ಪಟ್ಟಿಗೆ ತಾಳೆಯಾಗೋ ಹಂಗೆ ಬರೆದಿದಾನೆ ಅಂದ್ರೆ ಯಾರೋ ನನ್ನ ಗುಟ್ಟು ಹಿಡಿದು ಆಟ ಆಡಿಸ್ತಿದಾನೆ ಅಂತ ಮೂರು ದಿನದಿಂದ ಅನ್ನ ಇಳೀತಿಲ್ಲ ನನಗೆ. ಪಾಠ ಹೇಳೋ ನೆಪದಲ್ಲಿ ಮುಖ ನೋಡೋಣ ಅಂತ ಬಂದೆ.”

ಕ್ವಾಂಗ್‌ನ ಮೈಯಿಂದ ಮಣಭಾರದ ಚೀಲವೊಂದು ಇಳಿದಂತಾಯಿತು. ಕಳ್ಳನಿಗೊಬ್ಬ ಮಳ್ಳ! “ಮೇಡಂ, ನಾನು ಬಾಯಿ ಬಿಡಲ್ಲ,” ಎಂದ, ಬೆಳಗಿನಿಂದ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ. “ನನಗೆ ದೊಡ್ಡ ಆಸೆ ಇಲ್ಲ. ಹೆಂಡ್ತಿ ಮಗಳ ಜೊತೆ ಪಟ್ಟಣದಲ್ಲಿ ಇದ್ದರೆ ಸಾಕು.”

“ನಿಶ್ಚಿಂತೆಯಿಂದಿರಿ. ನಿಮ್ಮನ್ನ ನಾನು ಮರೆಯೋದುಂಟೇ?” ಮೇಡಂ ಕೂದಲು ಸರಿಮಾಡಿಕೊಂಡರು. ಬಾಗಿಲ ಬಳಿ ನಿಂತು ಕೇಳಿದರು: “ಅಂದ ಹಾಗೆ, ನಿಮ್ಮಲ್ಲಿ ನಿಜವಾಗ್ಲೂ ಇಂಗ್ಲಿಷ್ ಬರೋರು ಯಾರಾದ್ರೂ ಇದಾರಾ?”

“ಇಪ್ಪತ್ತಾರು ಬಂದೋಳು ಮೇಡಂ. ಯಿನ್ ಲೂ.”

“ಇಟ್ಟಿಗೆ ನಿಘಂಟು ಹಿಡಿದು ಮುಂದೆ ಕೂತಿರೋಳಾ?” ಮೇಡಂ ತಲೆಯಾಡಿಸಿದರು.

ಹಾಲಿಗೆ ವಾಪಸು ಬಂದ ಕ್ವಾಂಗ್‌ನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಮೇಡಂ ವೇದಿಕೆ ಹತ್ತಿದರು. ಅವರ ಮುಖದ ಬೆವರು ಆರಿತ್ತು. ದನಿ ಕೌಂಟಿ ಕಚೇರಿಯ ದನಿಯಾಗಿತ್ತು.

“ಕಾಮ್ರೇಡ್‌ಗಳೇ, ಕ್ವಾಂಗ್ ಅವರ ಜ್ಞಾನವನ್ನು ನಾನು ಸ್ವತಃ ಪರೀಕ್ಷೆ ಮಾಡಿದೆ. ಐದೇ ನಿಮಿಷದಲ್ಲಿ ನನ್ನ ಬಾಯಿ ಮುಚ್ಚಿಸಿಬಿಟ್ಟರು. ಇಂಥ ಪಾಂಡಿತ್ಯವನ್ನು ಒಂದು ಮಧ್ಯಾಹ್ನಕ್ಕೆ ಖರ್ಚು ಮಾಡೋದು ಅನ್ಯಾಯ. ಇವತ್ತಿನ ಪಾಠ ರದ್ದು.”

ಕ್ವಾಂಗ್ ಟವೆಲಿನಲ್ಲಿ ಮುಖ ಒರೆಸಿಕೊಂಡ. ಆಹಾ, ಬದುಕಿದೆ!

“ಕಾಮ್ರೇಡ್ ಯಿನ್ ಲೂ ಅವರ ಅಂಕ ತೀರಾ ಕಡಿಮೆ. ಇಂಥವರು ನನ್ನ ಕಣ್ಣೆದುರೇ ಇರ್ಬೇಕು. ನಾಳೆಯಿಂದ ಕೌಂಟಿ ಕಚೇರೀಲಿ ನನ್ನ ಸಹಾಯಕಿ. ಪ್ರಶ್ನೆಪತ್ರಿಕೆ ಕೆಲಸ ಎಲ್ಲಾ ಮಾಡಿ ಮಾಡಿ ಕಲೀಲಿ.” ಯಿನ್ ಲೂ ಕಣ್ಣು ಪಿಳುಕಿಸಿದಳು. ಮೇಡಂ ಮುಂದುವರಿಸಿದರು: “ಇನ್ನು ಹುಲಿಬಾಲದ ದಿಣ್ಣೆ. ಅಲ್ಲಿ ಆರು ಜನರಲ್ಲಿ ಒಬ್ಬರೂ ಇಪ್ಪತ್ತು ದಾಟಿಲ್ಲ. ಕತ್ತಲಿದ್ದಲ್ಲೇ ಅಲ್ವಾ ದೀಪ ಬೇಕಾದ್ದು? ಆದ್ದರಿಂದ ನಮ್ಮ ಕಾಮ್ರೇಡ್ ಕ್ವಾಂಗ್ ಅವರನ್ನು ದಿಣ್ಣೆಯ ಇಂಗ್ಲಿಷ್ ಶಿಕ್ಷಕರಾಗಿ ನೇಮಿಸ್ತಾ ಇದೀನಿ. ಅಲ್ಲಿಯ ಕಡೇ ಮನುಷ್ಯ ಪಾಸಾಗೋವರೆಗೂ ಅವರು ಅಲ್ಲೇ ಇರ್ತಾರೆ. ನಾಳೆ ಬೆಳಗಿನ ಬಸ್ಸಿಗೇ ಹೊರಡ್ತಾರೆ!”

ಚಪ್ಪಾಳೆ ಸೂರು ಹಾರಿಸಿತು. ಹಿಂದಿನ ಗೋಡೆಯ ಆರು ಮಂದಿ ಕೆಸರಿನ ಬೂಟು ಕುಟ್ಟಿ ಕುಣಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯನಿಗೆ ಅಕ್ಷರ ಕಾಣಲು ಕನ್ನಡಕವೂ ಸಾಲುತ್ತಿರಲಿಲ್ಲ. ಅವನೇ ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದ. ಪೆಂಗಕ್ಕ ಆಗಲೇ ಸುದ್ದಿ ಹಬ್ಬಿಸಲು ಫೋನಿನ ಕಡೆ ಓಡಿದ್ದಳು. ಅಂದರೆ ಇನ್ನೆರಡು ನಿಮಿಷದಲ್ಲಿ ಚುನ್‌ಯಾನ್‌ಗೂ ತಿಳಿಯುತ್ತದೆ. ಮೇಡಂ ಕ್ವಾಂಗ್‌ನ ಕಡೆ ತಿರುಗಿ ಮೃದುವಾಗಿ ನಕ್ಕರು. ದಿಣ್ಣೆಯ ಮೇಲೆ ಆಡಿದ ಗುಟ್ಟು ಮಂಜಿನಲ್ಲೇ ಮುಳುಗುತ್ತದೆ ಎಂದು ತಿಳಿದವರ ನಗು ಅದು.

“ಲಾವ್ ಕ್ವಾಂಗ್!” ಎಂದು ಥಾನ್ ಸಾಹೇಬರು ಅವನನ್ನು ವೇದಿಕೆಗೆ ನೂಕಿದರು. “ಹೋಗೋ ಮುಂಚೆ ನಮಗೋಸ್ಕರ ಇಂಗ್ಲಿಷಲ್ಲಿ ಒಂದೇ ಒಂದು ಮಾತು! ಬೇಡ ಅನ್ಬೇಡ!”

ಕ್ವಾಂಗ್ ಎದುರಿನ ಮುಖಗಳನ್ನು ನೋಡಿದ. ಹೆದರಬೇಕೆಂದು ಹುಡುಕಿದ, ಹೆದರಲು ಇನ್ನೇನೂ ಉಳಿದಿರಲಿಲ್ಲ. ಮಕ್ಕಳಿಗೂ ಬರುವ, ಟಾಟಾ ಮಾಡುವಾಗ ಹೇಳುವ ಒಂದೇ ಒಂದು ಮಾತು ಅವನ ಗಂಟಲಿಗೆ ತಾನಾಗಿ ಬಂತು.

“ಗುಡ್ ಬೈ,” ಎಂದ, ಕಣ್ಣೊರೆಸಿಕೊಳ್ಳುತ್ತ.

“ಅಬ್ಬಾ, ಉಚ್ಚಾರಣೆ ನೋಡ್ರೀ!” ಎಂದರು ಥಾನ್ ಸಾಹೇಬರು. “ಭಾವ ತುಂಬಿ ಬಂತು!”

ಮೊದಲ ಸಾಲಿನಲ್ಲಿ ಯಿನ್ ಲೂ ತಲೆಯಾಡಿಸಿದಳು. ಗುರುಗಳ ಬಾಯಿಂದ ಬಂದ ಮಾತುಗಳಲ್ಲಿ ನಿಘಂಟಿಗೆ ಸರಿಯಾಗಿ ಹೊಂದಿದ್ದು ಅದೊಂದೇ.